ವಿಂಡೋಸ್ ಮತ್ತೆ ಹಾಕ್ಬೇಕು, ಫೈಲ್ ಹೋಗ್ಬಾರ್ದು: ಯಾವ ದಾರಿ ಹಿಡಿಯೋದು?

ಅಪ್‌ಡೇಟ್ ಪ್ರತಿ ಸಲ ಅರ್ಧಕ್ಕೆ ನಿಂತು ಎರರ್ ಕೊಡ್ತಿದೆ, ಸ್ಟಾರ್ಟ್ ಮೆನು ಒತ್ತಿದ್ರೆ ತೆಗೆಯಲ್ಲ, ಏನೋ ಒಂದು ಡ್ರೈವರ್ ಹಾಕಿದ ಮೇಲೆ ನೀಲಿ ಸ್ಕ್ರೀನ್ ಬರ್ತಿದೆ. ಇಂಥದ್ದಕ್ಕೆಲ್ಲ ಯಾರನ್ನ ಕೇಳಿದ್ರೂ ಒಂದೇ ಉತ್ತರ, "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಓಎಸ್ ಹಾಕ್ಬಿಡಿ". ಹೇಳೋರಿಗೇನು, ಅವರ ಫೋಟೋ ಅಲ್ವಲ್ಲ ಹೋಗೋದು. ಓಎಸ್ ಮತ್ತೆ ಹಾಕೋದಕ್ಕೆ ಫಾರ್ಮ್ಯಾಟ್ ಮಾಡ್ಲೇಬೇಕು ಅಂತೇನೂ ಇಲ್ಲ, ವಿಂಡೋಸಲ್ಲೇ ನಾಲ್ಕು ದಾರಿ ಇದೆ, ಒಂದೊಂದು ಒಂದೊಂದು ಥರದ್ದನ್ನ ಉಳಿಸುತ್ತೆ, ಒಂದೊಂದು ಒಂದೊಂದು ಥರದ ಕಾಯಿಲೆಗೆ ಆಗಿಬರುತ್ತೆ.

ಆರಿಸೋಕೆ ಮುಂಚೆ ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ. "ನಂದೆಲ್ಲಾ ಉಳೀಬೇಕು" ಅಂತೀವಲ್ಲ, ಆ "ಎಲ್ಲಾ" ಅನ್ನೋದ್ರಲ್ಲಿ ಮೂರು ಬೇರೆ ಬೇರೆ ಸಾಮಾನು ಇರುತ್ತೆ. ಒಂದು, ಫೈಲುಗಳು, ಅಂದ್ರೆ ಫೋಟೋ, ವಿಡಿಯೋ, ಡಾಕ್ಯುಮೆಂಟು. ಎರಡು, ಇನ್‌ಸ್ಟಾಲ್ ಮಾಡಿರೋ ಪ್ರೋಗ್ರಾಮುಗಳು. ಮೂರು, ಸೆಟ್ಟಿಂಗು, ಇದರಲ್ಲಿ ವಾಲ್‌ಪೇಪರಿಂದ ಹಿಡಿದು ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಮೇಲ್ ಅಕೌಂಟು, ವೈಫೈ ಪಾಸ್‌ವರ್ಡು, ಪ್ರಿಂಟರ್ ತನಕ ಎಲ್ಲಾ ಬರುತ್ತೆ. ಫೈಲ್ ಉಳಿಸೋದು ಸುಲಭ, ಯಾವ ದಾರಿಯಲ್ಲಾದ್ರೂ ಆಗುತ್ತೆ. ಪ್ರೋಗ್ರಾಮ್ ಮತ್ತೆ ಸೆಟ್ಟಿಂಗ್ ಉಳಿಸೋದು ಎರಡೇ ದಾರಿಯಲ್ಲಿ. ಜನ ಆಮೇಲೆ ತಲೆ ಚಚ್ಚಿಕೊಳ್ಳೋದು ಯಾವಾಗ್ಲೂ ಈ ಮೂರನೇದಕ್ಕೇ.

ಮೊದಲ ಪ್ರಶ್ನೆ: ಡೆಸ್ಕ್‌ಟಾಪ್ ತನಕ ಹೋಗ್ತಿದೆಯಾ?

ಹೋಗ್ತಿದೆ ಅಂದ್ರೆ ನಾಲ್ಕೂ ದಾರಿ ತೆರೆದಿದೆ. ಹೋಗ್ತಿಲ್ಲ ಅಂದ್ರೆ ಎರಡೇ, ರಿಸೆಟ್ ಅಥವಾ ಪೆನ್‌ಡ್ರೈವಿಂದ ಹೊಸದಾಗಿ ಹಾಕೋದು. ಅಷ್ಟು ಸಿಂಪಲ್. ಆದ್ರೆ ಅದಕ್ಕೂ ಮುಂಚೆ ಇನ್ನೊಂದು ನೋಡ್ಬೇಕು, ತೊಂದ್ರೆ ವಿಂಡೋಸಿಂದೋ ಡಿಸ್ಕಿಂದೋ ಅಂತ. ಹಾರ್ಡ್‌ಡಿಸ್ಕ್ ಕಟ್‌ಕಟ್ ಸೌಂಡ್ ಮಾಡ್ತಿದ್ರೆ, ಫೋಲ್ಡರ್ ತೆಗೆಯೋಕೆ ನಿಮಿಷಗಟ್ಟಲೆ ತಗೊಂಡ್ರೆ, ಫೈಲ್ ಕಾಪಿ ಮಾಡುವಾಗ ರೀಡ್ ಎರರ್ ಬಂದ್ರೆ, ಓಎಸ್ ಹಾಕೋ ಆಲೋಚನೇನೇ ಬಿಡಿ. ಸಾಯ್ತಿರೋ ಡಿಸ್ಕ್ ಮೇಲೆ ಗಂಟೆಗಟ್ಟಲೆ ಬರೆಯೋ ಕೆಲಸ ಕೊಟ್ರೆ ಉಳಿದಿರೋದೂ ಹೋಗುತ್ತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಫ್ರೀ ಟೂಲ್ ಇದೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟಿರೋ ಲೆಕ್ಕ ಓದಿ ತೋರಿಸುತ್ತೆ, ಹಳದಿ ಅಥವಾ ಕೆಂಪು ಬಣ್ಣ ಬಂದ್ರೆ ಮೊದಲು ಫೈಲ್ ಕಾಪಿ, ಆಮೇಲೆ ಹೊಸ ಡಿಸ್ಕ್, ಆಮೇಲೆ ಓಎಸ್.

ಡಿಸ್ಕ್ ಸರಿ ಇದೆ, ಡೆಸ್ಕ್‌ಟಾಪೂ ಬರುತ್ತೆ ಅಂದ್ರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ) ತೆಗೆದು ಡಿಸ್ಮ್ ರಿಸ್ಟೋರ್‌ಹೆಲ್ತ್ ಕಮಾಂಡು (DISM /Online /Cleanup-Image /RestoreHealth), ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow), ಇವೆರಡನ್ನ ಒಂದ್ಸಲ ಓಡಿಸಿ. ಈ ಆರ್ಡರ್‌ನಲ್ಲೇ ಮಾಡಿ, ಯಾಕಂದ್ರೆ ಎಸ್‌ಎಫ್‌ಸಿ ಕೆಟ್ಟ ಫೈಲನ್ನ ಬದಲಿಸೋಕೆ ಒಳ್ಳೇ ಕಾಪಿ ತಗೊಳ್ಳೋ ಗೋಡೌನನ್ನೇ ಡಿಸ್ಮ್ ರಿಪೇರಿ ಮಾಡೋದು. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗಿ ಮುಂದಿನ ರಾಮಾಯಣಾನೇ ಬೇಕಾಗಲ್ಲ.

ದಾರಿ ಒಂದು: ಇರೋ ವಿಂಡೋಸ್ ಮೇಲೇ ಹಾಕೋದು

ಇದಕ್ಕೆ ಇನ್‌ಪ್ಲೇಸ್ ರಿಪೇರಿ, ರಿಪೇರಿ ಇನ್‌ಸ್ಟಾಲ್ ಅಂತೆಲ್ಲಾ ಅಂತಾರೆ. ನನ್ನ ಪ್ರಕಾರ ಡೆಸ್ಕ್‌ಟಾಪ್ ತೆಗೀತಿರೋ ಯಾರೇ ಆಗ್ಲಿ ಮೊದಲು ಟ್ರೈ ಮಾಡ್ಬೇಕಾದ್ದು ಇದನ್ನೇ, ಆದ್ರೆ ಸೆಟ್ಟಿಂಗ್ಸಲ್ಲಿ ಇದಕ್ಕೊಂದು ದೊಡ್ಡ ಬಟನ್ ಇಲ್ದೇ ಇರೋದಕ್ಕೋ ಏನೋ ಬಹಳ ಜನಕ್ಕೆ ಗೊತ್ತೇ ಇಲ್ಲ. ಮನೇಲಿ ಸಾಮಾನೆಲ್ಲಾ ಇದ್ದಲ್ಲೇ ಇಟ್ಟು ಅಡಿಯಲ್ಲಿ ನೆಲ ಮಾತ್ರ ಹೊಸದಾಗಿ ಹಾಕಿದ ಹಾಗೆ, ಫೈಲು, ಪ್ರೋಗ್ರಾಮು, ಸೆಟ್ಟಿಂಗು ಮೂರೂ ಉಳಿಯುತ್ತೆ, ವಿಂಡೋಸಿನ ಸ್ವಂತ ಫೈಲುಗಳು ಮಾತ್ರ ಹೊಸದಾಗುತ್ತೆ.

ಮಾಡೋದು ಹೇಗೆ ಅಂದ್ರೆ, ಮೈಕ್ರೋಸಾಫ್ಟ್ ಸೈಟಿಂದ ವಿಂಡೋಸಿನ ಐಎಸ್‌ಒ ಫೈಲ್ (ಇಡೀ ಇನ್‌ಸ್ಟಾಲ್ ಡಿಸ್ಕನ್ನ ಒಂದೇ ಫೈಲಾಗಿ ಕಟ್ಟಿಟ್ಟಿರೋದು) ಡೌನ್‌ಲೋಡ್ ಮಾಡಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಒಂದು ಡಿವಿಡಿ ಡ್ರೈವ್ ಥರ ತೆರೆದುಕೊಳ್ಳುತ್ತೆ, ಒಳಗೆ ಸೆಟಪ್ ಅನ್ನೋ ಫೈಲ್ ಇರುತ್ತೆ, ವಿಂಡೋಸ್ ಓಡ್ತಿರುವಾಗಲೇ ಅದನ್ನ ರನ್ ಮಾಡ್ಬೇಕು. ಇದೇ ಐಎಸ್‌ಒನ ಪೆನ್‌ಡ್ರೈವಿಗೆ ಹಾಕಿ ಅದರಿಂದ ಬೂಟ್ ಮಾಡಿದ್ರೆ, ಅಂದ್ರೆ ಕಂಪ್ಯೂಟರನ್ನೇ ಪೆನ್‌ಡ್ರೈವಿಂದ ಶುರು ಮಾಡಿದ್ರೆ, ಈ ದಾರಿ ಸಿಗಲ್ಲ. ಇದು ಬಹಳ ಜನ ಎಡವೋ ಜಾಗ. ಮುಂದೆ ಹೋಗ್ತಾ "ಏನು ಉಳಿಸ್ಕೊಳ್ಬೇಕು" ಅಂತ ಕೇಳೋ ಸ್ಕ್ರೀನ್ ಬರುತ್ತೆ, ಅಲ್ಲಿ ಪರ್ಸನಲ್ ಫೈಲು ಮತ್ತೆ ಆಪು ಎರಡೂ ಇರ್ಲಿ ಅನ್ನೋ ಮೊದಲನೇ ಆಯ್ಕೇಲೇ ಟಿಕ್ ಇದೆಯಾ ನೋಡಿ.

ಆ ಮೊದಲನೇ ಆಯ್ಕೆ ಮಸುಕಾಗಿ, ಕ್ಲಿಕ್ ಮಾಡೋಕೆ ಬರದ ಹಾಗೆ ಕಂಡ್ರೆ ಮುಂದೆ ಹೋಗ್ಬೇಡಿ, ಕ್ಯಾನ್ಸಲ್ ಮಾಡಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ನಿಮ್ಮಲ್ಲಿರೋದು ಹೋಮ್ ಎಡಿಷನ್ನು, ಹಾಕೋಕೆ ಹೊರಟಿರೋದು ಬೇರೆ ಎಡಿಷನ್ನು. ಅಥವಾ ಐಎಸ್‌ಒ ಈಗಿರೋ ವರ್ಷನ್ನಿಗಿಂತ ಹಳೇದು. ಅಥವಾ ಭಾಷೆ ಬೇರೆ, ಇದು ಯಾರ ಕಣ್ಣಿಗೂ ಬೀಳಲ್ಲ, ಮೈಕ್ರೋಸಾಫ್ಟ್ ಡೌನ್‌ಲೋಡ್ ಪುಟದಲ್ಲಿ ಬರೀ ಇಂಗ್ಲಿಷ್ ಅಂತ ಒಂದು, ಇಂಗ್ಲಿಷ್ ಇಂಟರ್‌ನ್ಯಾಷನಲ್ ಅಂತ ಇನ್ನೊಂದು ಇರುತ್ತೆ, ಮೊದಲನೇದು ಅಮೆರಿಕನ್, ಎರಡನೇದು ಬ್ರಿಟಿಷ್, ನಿಮ್ಮ ಕಂಪ್ಯೂಟರಿಗೆ ಮೂಲದಲ್ಲಿ ಯಾವುದನ್ನ ಹಾಕಿದ್ರೋ ಅದೇ ಬೇಕು. ಕಮಾಂಡ್ ಪ್ರಾಂಪ್ಟಲ್ಲಿ ಡಿಸ್ಮ್ ಆನ್‌ಲೈನ್ ಗೆಟ್ ಇಂಟ್ಲ್ ಕಮಾಂಡ್ (dism /online /get-intl) ಕೊಟ್ರೆ ಡಿಫಾಲ್ಟ್ ಭಾಷೆ ಯಾವುದು ಅಂತ ಹೇಳುತ್ತೆ.

ಸಿ ಡ್ರೈವಲ್ಲಿ ಜಾಗ ಬೇಕು, ಇಪ್ಪತ್ತೈದು ಮೂವತ್ತು ಜಿಬಿ ಖಾಲಿ ಇದ್ರೆ ನೆಮ್ಮದಿ. ಎಸ್‌ಎಸ್‌ಡಿ ಇದ್ರೆ ಗಂಟೆ ಆಸುಪಾಸಲ್ಲಿ ಮುಗಿಯುತ್ತೆ, ಹಳೇ ಹಾರ್ಡ್‌ಡಿಸ್ಕಾದ್ರೆ ಬೇರೆ ಕೆಲಸ ನೋಡ್ಕೊಳ್ಳಿ. ಮುಗಿದ ಮೇಲೆ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರಲ್ಲಿ ಹಳೇ ವಿಂಡೋಸ್ ಹಾಗೇ ಇರುತ್ತೆ, 10 ದಿನದ ಒಳಗೆ ಬೇಡ ಅನ್ನಿಸಿದ್ರೆ ವಾಪಸ್ ಹೋಗ್ಬಹುದು.

ಇದು ಯಾವುದಕ್ಕೆ ಆಗಲ್ಲ? ವೈರಸ್‌ಗೆ. ಎಲ್ಲಾ ಉಳಿಸುತ್ತೆ ಅಂದ್ಮೇಲೆ ವೈರಸ್ಸನ್ನೂ ಉಳಿಸುತ್ತೆ. ಹಾಗೇನೇ ನೀವೇ ಹಾಕ್ಕೊಂಡಿರೋ ಯಾವುದೋ ಪ್ರೋಗ್ರಾಮಿಂದ ಸ್ಲೋ ಆಗಿದ್ರೆ ಇದನ್ನ ಮಾಡಿದ ಮೇಲೂ ಅಷ್ಟೇ ಸ್ಲೋ.

ದಾರಿ ಎರಡು: ವಿಂಡೋಸ್ ಅಪ್‌ಡೇಟ್ ಮೂಲಕ

ಮೇಲಿನದರ ತಮ್ಮ ಅಂತ ಅನ್ಕೊಳ್ಳಿ. ವಿಂಡೋಸ್ 11ರ 22ಎಚ್2 ವರ್ಷನ್ನಿಗೆ 2024ರ ಫೆಬ್ರವರಿಯ ಆಪ್ಷನಲ್ ಅಪ್‌ಡೇಟ್ ಬಂದಾಗಿಂದ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ "ರೀಇನ್‌ಸ್ಟಾಲ್ ನೌ" ಅನ್ನೋ ಬಟನ್ ಬಂದಿದೆ. ಒತ್ತಿದ್ರೆ ಈಗಿರೋ ವರ್ಷನ್ನನ್ನೇ ಇಂಟರ್ನೆಟ್ಟಿಂದ ಇಳಿಸಿ ಮೇಲಿಂದ ಹಾಕುತ್ತೆ, ಫೈಲು ಆಪು ಸೆಟ್ಟಿಂಗು ಮೂರೂ ಉಳಿಯುತ್ತೆ. ಎಡಿಷನ್ನು ಭಾಷೆ ಅಂತ ಯಾವ ತಲೆಬಿಸಿನೂ ಇಲ್ಲ. ಡಾಟಾ ಖರ್ಚಾದ್ರೆ ಪರವಾಗಿಲ್ಲ, ಐಎಸ್‌ಒ ಅಂದ್ರೇನು ಅಂತ ಗೊತ್ತಿಲ್ಲ ಅನ್ನೋರಿಗೆ ಇದೇ ಸರಿ. ಒಂದೇ ಕೊರತೆ, ಕೆಟ್ಟಿರೋದೇ ವಿಂಡೋಸ್ ಅಪ್‌ಡೇಟ್ ಆಗಿದ್ರೆ ಇದೂ ಅಲ್ಲೇ ಮುಗ್ಗರಿಸಬಹುದು, ಆಗ ಐಎಸ್‌ಒನೇ ಗತಿ.

ದಾರಿ ಮೂರು: ರಿಸೆಟ್, ಫೈಲ್ ಉಳಿಸಿ

ಅದೇ ರಿಕವರಿ ಪುಟದಲ್ಲಿ "ರಿಸೆಟ್ ದಿಸ್ ಪಿಸಿ" ಅಂತ ಇರುತ್ತೆ, ಒತ್ತಿದ್ರೆ "ಕೀಪ್ ಮೈ ಫೈಲ್ಸ್" ಮತ್ತೆ "ರಿಮೂವ್ ಎವ್ರಿಥಿಂಗ್" ಅಂತ ಎರಡು ಆಯ್ಕೆ. ಮೊದಲನೇದನ್ನ ನೋಡಿ ಎಲ್ಲಾ ಉಳಿಯುತ್ತೆ ಅಂತ ನಂಬಿ ಒತ್ತೋರೇ ಜಾಸ್ತಿ. ಉಳಿಯೋದು ಫೈಲ್ ಮಾತ್ರ ಸ್ವಾಮಿ. ಡಾಕ್ಯುಮೆಂಟ್ಸು, ಪಿಕ್ಚರ್ಸು, ಡೌನ್‌ಲೋಡ್ಸು, ಡೆಸ್ಕ್‌ಟಾಪು ಇವೆಲ್ಲಾ ಇರುತ್ತೆ, ಯೂಸರ್ ಅಕೌಂಟೂ ಇರುತ್ತೆ, ಆದ್ರೆ ನೀವು ಇನ್‌ಸ್ಟಾಲ್ ಮಾಡಿದ ಪ್ರೋಗ್ರಾಮು, ಡ್ರೈವರು ಹೋಗುತ್ತೆ, ಬದಲಿಸಿದ್ದ ಸೆಟ್ಟಿಂಗೂ ಹೋಗುತ್ತೆ. ಏನೇನು ತೆಗೆದ್ವಿ ಅಂತ ಒಂದು ಪಟ್ಟಿ ಮಾಡಿ ಡೆಸ್ಕ್‌ಟಾಪಲ್ಲಿ ಇಟ್ಟಿರುತ್ತೆ ಅನ್ನೋದೊಂದು ಸಮಾಧಾನ.

ಬ್ರೌಸರೂ ಒಂದು ಪ್ರೋಗ್ರಾಮೇ ಅನ್ನೋದು ಇಲ್ಲಿ ನೆನಪಿರ್ಲಿ. ಲೆಕ್ಕಪತ್ರದ ಸಾಫ್ಟ್‌ವೇರು, ಹಳೇ ಬಿಲ್ಲಿಂಗ್ ಸಾಫ್ಟ್‌ವೇರು ಕೆಲವು ತಮ್ಮ ಡಾಟಾನ ಡಾಕ್ಯುಮೆಂಟ್ಸಲ್ಲಿ ಇಡದೆ ಪ್ರೋಗ್ರಾಮ್ ಫೈಲ್ಸ್ ಒಳಗೇ ಇಟ್ಕೊಂಡಿರುತ್ತವೆ, ವಿಂಡೋಸಿನ ಲೆಕ್ಕದಲ್ಲಿ ಅದು ನಿಮ್ಮ ಫೈಲೇ ಅಲ್ಲ. ಅಂಥ ಸಾಫ್ಟ್‌ವೇರ್ ಇದ್ರೆ ಅದರೊಳಗಿಂದಲೇ ಬ್ಯಾಕಪ್ ತೆಗೆದು ಹೊರಗಿನ ಡಿಸ್ಕಿಗೆ ಹಾಕಿ, ಆಮೇಲೆ ರಿಸೆಟ್ ಮಾತು.

ಮುಂದೆ "ಕ್ಲೌಡ್ ಡೌನ್‌ಲೋಡ್" ಬೇಕಾ "ಲೋಕಲ್ ರೀಇನ್‌ಸ್ಟಾಲ್" ಬೇಕಾ ಅಂತ ಕೇಳುತ್ತೆ. ಲೋಕಲ್ ಅಂದ್ರೆ ಈಗ ಕಂಪ್ಯೂಟರಲ್ಲಿರೋ ಸಿಸ್ಟಮ್ ಫೈಲುಗಳನ್ನೇ ಸೇರಿಸಿ ಹೊಸ ವಿಂಡೋಸ್ ಕಟ್ಟೋದು, ಆ ಫೈಲುಗಳೇ ಕೆಟ್ಟಿದ್ರೆ ಕೆಟ್ಟದ್ದರಿಂದ ಕೆಟ್ಟದ್ದೇ ಬರುತ್ತೆ. ಹಾಗಾಗಿ 4 ಜಿಬಿಗಿಂತ ಸ್ವಲ್ಪ ಜಾಸ್ತಿ ಡಾಟಾ ಹೋದ್ರೂ ಪರವಾಗಿಲ್ಲ, ಕ್ಲೌಡ್ ತಗೊಳ್ಳಿ.

ರಿಸೆಟ್ಟಿನ ದೊಡ್ಡ ಪ್ಲಸ್ ಪಾಯಿಂಟ್ ಏನಂದ್ರೆ ವಿಂಡೋಸ್ ತೆಗೀದೇ ಇದ್ರೂ ಮಾಡ್ಬಹುದು. ಸತತವಾಗಿ ಬೂಟ್ ಫೇಲಾದ್ರೆ ರಿಕವರಿ ಸ್ಕ್ರೀನ್ ತಾನಾಗೇ ಬರುತ್ತೆ, ಲಾಗಿನ್ ಸ್ಕ್ರೀನ್ ತನಕ ಬಂದ್ರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದ್ರೂ ಬರುತ್ತೆ. ಡೆಸ್ಕ್‌ಟಾಪ್ ಚೆನ್ನಾಗೇ ತೆಗೀತಿರೋರು ರಿಸೆಟ್ ಯಾಕೆ ಮಾಡ್ಬೇಕು ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ, ರಿಪೇರಿಗಿಂತ ಕಮ್ಮಿ ಉಳಿಸುತ್ತೆ, ಕ್ಲೀನ್ ಇನ್‌ಸ್ಟಾಲಿಗಿಂತ (ಮುಂದೆ ಬರೋ ನಾಲ್ಕನೇ ದಾರಿ) ಕಮ್ಮಿ ಕ್ಲೀನ್ ಮಾಡುತ್ತೆ. ಹೊರಗಡೆಯಿಂದ ತಂದು ಹಾಕಿದ ಹತ್ತಾರು ಪ್ರೋಗ್ರಾಮುಗಳನ್ನ ಒಂದೇ ಏಟಿಗೆ ಕಿತ್ತಾಕ್ಬೇಕು ಅನ್ನೋರಿಗಾದ್ರೆ ಸರಿ.

ದಾರಿ ನಾಲ್ಕು: ಪೆನ್‌ಡ್ರೈವಿಂದ ಹೊಸದಾಗಿ

ವೈರಸ್ ಹೊಕ್ಕಿದೆ ಅನ್ನೋ ಅನುಮಾನ ಇದ್ರೆ, ಹೊಸ ಡಿಸ್ಕ್ ಹಾಕಿದ್ರೆ, ಮೇಲಿನ ಯಾವುದೂ ಕೆಲಸ ಮಾಡ್ಲಿಲ್ಲ ಅಂದ್ರೆ ಇದು. ಕನಿಷ್ಠ 8 ಜಿಬಿ ಪೆನ್‌ಡ್ರೈವ್, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಎರಡು ಬೇಕು, ಆ ಟೂಲೇ ಪೆನ್‌ಡ್ರೈವಿಗೆ ವಿಂಡೋಸ್ ಸೆಟಪ್ ಹಾಕಿಕೊಡುತ್ತೆ, ಪೆನ್‌ಡ್ರೈವಲ್ಲಿ ಇರೋದೆಲ್ಲಾ ಅಳಿಸಿಹೋಗುತ್ತೆ ಅನ್ನೋದು ನೆನಪಿರ್ಲಿ.

ಇದರಲ್ಲೂ ಫೈಲ್ ಉಳಿಯೋ ಒಂದು ಉಪಾಯ ಇದೆ. ಡಿಸ್ಕ್ ಆರಿಸೋ ಸ್ಕ್ರೀನಲ್ಲಿ ಹಳೇ ವಿಂಡೋಸ್ ಇರೋ ಪಾರ್ಟಿಷನ್ನನ್ನ (ಡಿಸ್ಕಿನ ಒಂದು ಭಾಗ) ಡಿಲೀಟೋ ಫಾರ್ಮ್ಯಾಟೋ ಮಾಡದೆ ಹಾಗೇ ಸೆಲೆಕ್ಟ್ ಮಾಡಿ ನೆಕ್ಸ್ಟ್ ಒತ್ತಿದ್ರೆ ಹಳೇದೆಲ್ಲಾ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಿಗೆ ಹೋಗಿ ಕೂರುತ್ತೆ, ಅದರೊಳಗಿನ ಯೂಸರ್ಸ್ ಫೋಲ್ಡರಿಂದ ನಿಮ್ಮ ಫೈಲ್ ಎತ್ಕೋಬಹುದು, ಪರ್ಮಿಷನ್ ಇಲ್ಲ ಅಂದ್ರೆ ಕಂಟಿನ್ಯೂ ಒತ್ತಿದ್ರೆ ಆಯ್ತು. ಇದು ಬ್ಯಾಕಪ್ ತಗೊಂಡ ಮೇಲೂ ಇರಲಿ ಅಂತ ಇಟ್ಕೊಳ್ಳೋ ಎರಡನೇ ಕಾಪಿ ಅಷ್ಟೇ, ಇದನ್ನೇ ಬ್ಯಾಕಪ್ ಅಂತ ನಂಬ್ಕೊಳ್ಳಬೇಡಿ, ಒಂದು ತಪ್ಪು ಕ್ಲಿಕ್ಕಿಗೆ ಹೋಗೋ ಅಂಥದ್ದು. ವಿಂಡೋಸ್ 11ರ 24ಎಚ್2 ಸೆಟಪ್ ಅಂತೂ ಶುರುವಲ್ಲೇ ಫೈಲು ಆಪು ಸೆಟ್ಟಿಂಗು ಎಲ್ಲಾ ಡಿಲೀಟ್ ಆಗುತ್ತೆ, ಒಪ್ಪಿಗೆನಾ ಅಂತ ಟಿಕ್ ಹಾಕಿಸ್ಕೊಂಡೇ ಮುಂದೆ ಬಿಡೋದು.

ಎರಡು ಸಣ್ಣ ಗೊಂದಲ ಇಲ್ಲಿ ಬರುತ್ತೆ. ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ, ಮುಖ್ಯವಾಗಿ 11ನೇ ಜನರೇಷನ್ನಿಂದ ಈಚೆಗೆ, ಸೆಟಪ್‌ಗೆ ಡಿಸ್ಕೇ ಕಾಣಲ್ಲ, ಖಾಲಿ ಪಟ್ಟಿ ತೋರಿಸುತ್ತೆ, ಡಿಸ್ಕ್ ಸತ್ತಿಲ್ಲ, ಇಂಟೆಲ್ಲಿನ ಸ್ಟೋರೇಜ್ ಡ್ರೈವರ್ ಬೇಕು ಅಷ್ಟೇ, ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಇಳಿಸಿ ಅದೇ ಪೆನ್‌ಡ್ರೈವಲ್ಲಿ ಇಟ್ಕೊಂಡಿರಿ. ವೈಫೈ ಡ್ರೈವರೂ ಹಾಗೇ, ಇಲ್ಲಾಂದ್ರೆ ಸೆಟಪ್ ಇಂಟರ್ನೆಟ್ ಕೇಳಿದಾಗ ಕೈಕಟ್ಟಿ ಕೂರ್ಬೇಕು, ಫೋನನ್ನ ಯುಎಸ್‌ಬಿ ಕೇಬಲಲ್ಲಿ ಚುಚ್ಚಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನ ಕಂಪ್ಯೂಟರಿಗೆ ಕೊಡೋದು) ಆನ್ ಮಾಡಿದ್ರೂ ಸಾಮಾನ್ಯವಾಗಿ ಕೆಲಸ ಆಗುತ್ತೆ.

ಲೈಸೆನ್ಸ್ ಬಗ್ಗೆ ಭಯ ಬೇಡ. ಒಮ್ಮೆ ಆಕ್ಟಿವೇಟ್ ಆಗಿ ಡಿಜಿಟಲ್ ಲೈಸೆನ್ಸ್ ಇರೋ ಕಂಪ್ಯೂಟರಿಗೆ ಅದೇ ಎಡಿಷನ್ ಮತ್ತೆ ಹಾಕಿದ್ರೆ ಪ್ರಾಡಕ್ಟ್ ಕೀ ಕೇಳೋ ಕಡೆ "ನನ್ನ ಹತ್ರ ಕೀ ಇಲ್ಲ" ಅಂತ ಕೊಟ್ಟು ಮುಂದೆ ಹೋಗಿ, ಇಂಟರ್ನೆಟ್ ಸಿಕ್ಕಿದಾಗ ತಾನೇ ಆಕ್ಟಿವೇಟ್ ಆಗುತ್ತೆ. ಮದರ್‌ಬೋರ್ಡ್ ಬದಲಿಸಿದ್ರೆ ಮಾತ್ರ ಕಥೆ ಬೇರೆ.

ಯಾವ ದಾರಿಯಾದ್ರೂ ಸರಿ, ಮುಂಚೆ ಇದಿಷ್ಟು

ಬಿಟ್‌ಲಾಕರ್ ಕೀ. ಬಿಟ್‌ಲಾಕರ್ ಅಂದ್ರೆ ಡಿಸ್ಕಲ್ಲಿರೋದನ್ನೆಲ್ಲಾ ಲಾಕ್ ಮಾಡಿಡೋ ವಿಂಡೋಸಿನ ವ್ಯವಸ್ಥೆ. ನಾನಂತೂ ಆನ್ ಮಾಡಿಲ್ಲ ಅಂತೀರಾ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿರೋ ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುತ್ತೆ. 48 ಅಂಕಿಯ ರಿಕವರಿ ಕೀ ಇಲ್ದೇ ರಿಕವರಿ ಸ್ಕ್ರೀನಿಂದ ಆ ಡಿಸ್ಕಿನೊಳಗೆ ಯಾರೂ ಹೋಗೋಕಾಗಲ್ಲ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ರೂ ಅಷ್ಟೇ. ಮೈಕ್ರೋಸಾಫ್ಟ್ ಅಕೌಂಟಿನ ಡಿವೈಸ್ ಪಟ್ಟಿಯಲ್ಲಿ ಸಿಗುತ್ತೆ, ಪೇಪರಲ್ಲಿ ಬರೆದಿಡಿ, ಅದೇ ಲ್ಯಾಪ್‌ಟಾಪಲ್ಲಿ ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ್ರೆ ಏನುಪಯೋಗ.

ಬ್ರೌಸರ್ ಪಾಸ್‌ವರ್ಡ್. ಕ್ರೋಮಿನ ಪ್ರೊಫೈಲ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟೆ, ಆಮೇಲೆ ವಾಪಸ್ ಹಾಕಿದ್ರೆ ಆಯ್ತು ಅಂತ ಅನ್ಕೊಳ್ಳೋರಿಗೆ ಬುಕ್‌ಮಾರ್ಕ್ ಬರುತ್ತೆ, ಪಾಸ್‌ವರ್ಡ್ ಬರಲ್ಲ. ಅದನ್ನ ಲಾಕ್ ಮಾಡಿರೋ ಕೀಲಿ ಹಳೇ ವಿಂಡೋಸ್ ಯೂಸರ್ ಅಕೌಂಟಿಗೆ ಅಂಟ್ಕೊಂಡಿರುತ್ತೆ, ಹೊಸ ವಿಂಡೋಸಲ್ಲಿ ಅದೇ ಹೆಸರು ಅದೇ ಪಾಸ್‌ವರ್ಡ್ ಇಟ್ರೂ ಅದು ಬೇರೆ ಅಕೌಂಟೇ. ಸಿಂಕ್ ಆನ್ ಮಾಡಿ, ಇಲ್ಲ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ, ಎಕ್ಸ್‌ಪೋರ್ಟ್ ಆದ ಫೈಲಲ್ಲಿ ಪಾಸ್‌ವರ್ಡ್ ಬರಿಗಣ್ಣಿಗೇ ಕಾಣೋ ಹಾಗಿರುತ್ತೆ, ಕೆಲಸ ಮುಗಿದ ತಕ್ಷಣ ಅಳಿಸಿ. ಫೈರ್‌ಫಾಕ್ಸ್ ಈ ವಿಷಯದಲ್ಲಿ ಎಷ್ಟೋ ವಾಸಿ, ಕೀಲಿನೂ ಪ್ರೊಫೈಲ್ ಫೋಲ್ಡರ್ ಒಳಗೇ ಇರೋದ್ರಿಂದ ಫೋಲ್ಡರ್ ಪೂರ್ತಿ ಕಾಪಿ ಮಾಡಿದ್ರೆ ಪಾಸ್‌ವರ್ಡೂ ಬರುತ್ತೆ. ಎರಡು ಹಂತದ ಲಾಗಿನ್ ಕೋಡ್ ಕೊಡೋ ಆಪ್ ಏನಾದ್ರೂ ಕಂಪ್ಯೂಟರಲ್ಲೇ ಇದ್ರೆ ಅದನ್ನ ಮರೀಬೇಡಿ.

ಒನ್‌ಡ್ರೈವ್, ಅಂದ್ರೆ ಮೈಕ್ರೋಸಾಫ್ಟಿನ ಕ್ಲೌಡ್ ಸ್ಟೋರೇಜ್. ಎಷ್ಟೋ ಕಂಪ್ಯೂಟರಲ್ಲಿ ಡೆಸ್ಕ್‌ಟಾಪು ಡಾಕ್ಯುಮೆಂಟ್ಸು ಎರಡೂ ಒನ್‌ಡ್ರೈವ್ ಒಳಗೆ ಸೇರ್ಕೊಂಡಿರುತ್ತೆ. ಫೈಲ್ ಪಕ್ಕ ಮೋಡದ ಚಿತ್ರ ಇದ್ರೆ ಅದು ನಿಮ್ಮ ಡಿಸ್ಕಲ್ಲಿ ಇಲ್ಲವೇ ಇಲ್ಲ, ಕ್ಲೌಡಲ್ಲಿದೆ. ಹಸಿರು ಟಿಕ್ ಇದ್ರೆ ಇಲ್ಲೂ ಇದೆ ಅಂತ. ಇನ್ನೂ ಸಿಂಕ್ ಆಗ್ತಿರೋ ಗುರುತು ಕಂಡ್ರೆ ಮುಗಿಯೋ ತನಕ ಕಾಯಿರಿ, ಇಲ್ಲಾಂದ್ರೆ ಆ ಫೈಲು ಇಲ್ಲೂ ಇಲ್ಲ ಅಲ್ಲೂ ಇಲ್ಲ ಅಂತಾಗುತ್ತೆ.

ವಿಂಡೋಸ್ ತೆಗೀತಾನೇ ಇಲ್ಲ, ಬ್ಯಾಕಪ್ ಹೇಗೆ ತೆಗೆಯೋದು ಅಂತ ಕೇಳೋರಿಗೆ ಒಂದು ಒಳ್ಳೇ ಉಪಾಯ. ಸೆಟಪ್ ಪೆನ್‌ಡ್ರೈವಿಂದ ಬೂಟ್ ಮಾಡಿ "ರಿಪೇರ್ ಯುವರ್ ಕಂಪ್ಯೂಟರ್" ಅಂತ ಹೋಗಿ ಕಮಾಂಡ್ ಪ್ರಾಂಪ್ಟ್ ತೆಗೆದು ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ. ನೋಟ್‌ಪ್ಯಾಡ್ ಬಂದ ಮೇಲೆ ಫೈಲ್ ಮೆನುವಲ್ಲಿ ಓಪನ್ ಒತ್ತಿ, ಆಲ್ ಫೈಲ್ಸ್ ಅಂತ ಬದಲಿಸಿದ್ರೆ ಆ ಸಣ್ಣ ಕಿಟಕಿಯಲ್ಲೇ ಎಲ್ಲಾ ಡ್ರೈವು ಕಾಣುತ್ತೆ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಹೊರಗಿನ ಡಿಸ್ಕಲ್ಲಿ ಪೇಸ್ಟ್. ಡ್ರೈವಿನ ಅಕ್ಷರ ಅಲ್ಲಿ ಬದಲಾಗಿರಬಹುದು, ಸಿ ಅಂತ ಇರೋದು ಡಿ ಆಗಿರಬಹುದು, ಒಳಗಿರೋದನ್ನ ನೋಡಿ ಗುರುತಿಸಿ. ಕಾಪಿ ಎಷ್ಟಾಯ್ತು ಅಂತ ತೋರಿಸಲ್ಲ, ತಾಳ್ಮೆ ಬೇಕು. ಲಿನಕ್ಸ್ ಪೆನ್‌ಡ್ರೈವಿಂದ ಲೈವ್ ಬೂಟ್ ಮಾಡಿ ಕಾಪಿ ತೆಗೆದ್ರೆ ಇನ್ನೂ ಆರಾಮ.

ಮ್ಯಾಕ್ ಮತ್ತೆ ಲಿನಕ್ಸಿನೋರಿಗೆ

ಮ್ಯಾಕಲ್ಲಿ ಆಯ್ಕೆ ಮಾಡೋ ಗೊಂದಲ ಕಮ್ಮಿ. 2019ರ ಕ್ಯಾಟಲಿನಾದಿಂದ ಸಿಸ್ಟಮ್ ಒಂದು ವಾಲ್ಯೂಮಲ್ಲಿ, ನಿಮ್ಮ ಸಾಮಾನು ಇನ್ನೊಂದರಲ್ಲಿ ಇರುತ್ತೆ, ಹಾಗಾಗಿ ರಿಕವರಿಯಿಂದ ರೀಇನ್‌ಸ್ಟಾಲ್ ಮ್ಯಾಕ್‌ಓಎಸ್ ಕೊಟ್ರೆ ಫೈಲು ಆಪು ಸೆಟ್ಟಿಂಗು ಎಲ್ಲಾ ಇದ್ದಲ್ಲೇ ಇರುತ್ತೆ. ಇಂಟೆಲ್ ಮ್ಯಾಕಲ್ಲಿ ಆನ್ ಮಾಡುವಾಗ ಕಮಾಂಡ್ ಮತ್ತೆ ಆರ್ ಹಿಡಿಯೋದು, ಆಪಲ್ ಚಿಪ್ ಇರೋದ್ರಲ್ಲಿ ಪವರ್ ಬಟನ್ನನ್ನೇ ಒತ್ತಿ ಹಿಡಿದು ಆಪ್ಷನ್ಸಿಗೆ ಹೋಗೋದು. ಅಲ್ಲೇ ಪಕ್ಕದಲ್ಲಿರೋ ಡಿಸ್ಕ್ ಯುಟಿಲಿಟಿಯ ಇರೇಸ್ ಬಟನ್ ಮಾತ್ರ ಮುಟ್ಬೇಡಿ.

ಲಿನಕ್ಸಲ್ಲಿ ಎಲ್ಲಾ ನಿಂತಿರೋದು ಹೋಮ್ (ನಿಮ್ಮ ಫೈಲು ಸೆಟ್ಟಿಂಗು ಇರೋ ಫೋಲ್ಡರ್) ಬೇರೆ ಪಾರ್ಟಿಷನ್ನಲ್ಲಿ ಇದೆಯಾ ಅನ್ನೋದ್ರ ಮೇಲೆ. ಇದ್ರೆ ಮ್ಯಾನ್ಯುಯಲ್ ಪಾರ್ಟಿಷನಿಂಗ್ ತಗೊಂಡು ರೂಟನ್ನ (ಸಿಸ್ಟಮ್ ಇರೋ ಪಾರ್ಟಿಷನ್) ಫಾರ್ಮ್ಯಾಟ್ ಮಾಡಿ, ಹೋಮನ್ನ ಫಾರ್ಮ್ಯಾಟ್ ಟಿಕ್ ತೆಗೆದು ಮೌಂಟ್ ಮಾಡಿ, ಹಳೇ ಯೂಸರ್ ಹೆಸರನ್ನೇ ಕೊಡಿ. ಸೆಟ್ಟಿಂಗುಗಳು ಹೋಮ್ ಒಳಗಿನ ಹಿಡನ್ ಫೈಲುಗಳಲ್ಲೇ ಇರೋದ್ರಿಂದ ಪ್ರೋಗ್ರಾಮ್ ಮತ್ತೆ ಹಾಕಿದ ಕೂಡ್ಲೆ ಹಳೇ ಹಾಗೇ ತೆರೆದುಕೊಳ್ಳುತ್ತೆ, ಈ ಸುಖ ವಿಂಡೋಸಲ್ಲಿ ಇಲ್ಲ. ಹೋಮ್ ಬೇರೆ ಇಲ್ಲ ಅಂದ್ರೆ ಹಿಡನ್ ಫೈಲೂ ಸೇರಿಸಿ ಪೂರ್ತಿ ಹೊರಗೆ ಕಾಪಿ ತಗೊಳ್ಳಿ, ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ನೇರವಾಗಿ ಹಾಕಿದ್ರೆ ಪರ್ಮಿಷನ್ ಕಳೆದುಹೋಗುತ್ತೆ, ಎಲ್ಲಾ ಸೇರಿಸಿ ಒಂದೇ ಟಾರ್ ಫೈಲ್ ಮಾಡಿ ಹಾಕಿ.

ಇನ್ನು ವಿಂಡೋಸ್ 10ರಲ್ಲೇ ಇರೋರು ಒಂದು ಯೋಚನೆ ಮಾಡಿ. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹೇಗೂ ಮತ್ತೆ ಹಾಕೋ ಕಷ್ಟ ಪಡ್ತೀರಾದ್ರೆ, ಕಂಪ್ಯೂಟರಿಗೆ ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಇದ್ದು ಪ್ರೊಸೆಸರ್ ಕೂಡ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿದ್ರೆ, ಮೊದಲನೇ ದಾರಿಯಲ್ಲೇ ವಿಂಡೋಸ್ 11ರ ಐಎಸ್‌ಒ ಓಡಿಸಿ, ಫೈಲು ಪ್ರೋಗ್ರಾಮು ಉಳಿಸ್ಕೊಂಡೇ ಮೇಲಕ್ಕೆ ಹೋಗ್ಬಹುದು.

ಎಲ್ಲಾ ಆದ ಮೇಲೆ ಸಿ ಡ್ರೈವ್ ತುಂಬಿದೆ ಅಂತ ಅವತ್ತೇ ಡಿಸ್ಕ್ ಕ್ಲೀನಪ್ ಓಡಿಸಿ ವಿಂಡೋಸ್ ಡಾಟ್ ಓಲ್ಡ್ ಅಳಿಸ್ಬೇಡಿ, ಮೊದಲು ಪ್ರಿಂಟರ್, ಮೇಲ್, ಲೆಕ್ಕದ ಸಾಫ್ಟ್‌ವೇರ್ ಎಲ್ಲಾ ಒಂದ್ಸಲ ತೆಗೆದು ನೋಡಿ, ಏನಾದ್ರೂ ಕಾಣ್ತಿಲ್ಲ ಅಂದ್ರೆ ಹುಡುಕ್ಬೇಕಾದ್ದು ಅಲ್ಲೇ, ಅದೂ 10 ದಿನ ಆದ ಮೇಲೆ ತಾನಾಗೇ ಹೋಗಿಬಿಡುತ್ತೆ.